ಆರನೇ ನಂಬರಿನ ಚರೆ

ಸಕಲೇಶಪುರದ ಕಡೆಯ ಹಳೆಯ ತೋಟದ ಮನೆಗಳಲ್ಲಿ, ಕಾಫಿ ಲೆಕ್ಕದ ಪುಸ್ತಕಗಳ ಹಿಂದೆಲ್ಲೋ ಒಂದು ತಗಡಿನ ಡಬ್ಬಿ ಇರುತ್ತದೆ. ಅದರೊಳಗೆ ನಾಲ್ಕಾರು ತೋಟಾಗಳು. ಕಾಗದದ ಕೊಳವೆ, ಹಸಿರು ಹಿಡಿದ ಹಿತ್ತಾಳೆಯ ತಳ, ಬಾಯಿಗೆ ಮುಚ್ಚಿದ ರಟ್ಟಿನ ಬಿಲ್ಲೆ. ಬಿಲ್ಲೆಯ ಮೇಲೆ ಒಂದು ಅಂಕಿ: 4, 6 ಅಥವಾ 8. ಕೆಲವದರ ಮೇಲೆ ಅಂಕಿಯ ಬದಲು ಅಕ್ಷರಗಳು: ಬಿಬಿ, ಎಸ್‌ಜಿ, ಎಲ್‌ಜಿ. ಕೋವಿ ಹಿಡಿದವರಿಗೆ ಈ ಗುರುತು ತೋಟಾದ ಜಾತಕವಿದ್ದಂತೆ. ಒಳಗೆ ಎಷ್ಟು ಚರೆ ಇದೆ, ಒಂದೊಂದೂ ಎಷ್ಟು ದಪ್ಪ, ಎಷ್ಟು ದೂರ ಹೋಗುತ್ತದೆ, ಯಾವುದಕ್ಕೆ ತಗುಲಿದರೆ ಏನಾಗುತ್ತದೆ ಎಂಬುದೆಲ್ಲ ಅದರಲ್ಲಿದೆ.

ಈ ಬೆಟ್ಟಗಳಲ್ಲಿ ಹಕ್ಕಿ ಬೇಟೆ ಕಾನೂನಿನ ಪ್ರಕಾರ ಮುಗಿದ ಅಧ್ಯಾಯ. ಕೋವಿಗಳು ಮಾತ್ರ ಉಳಿದಿವೆ, ತೋಟಾಗಳೂ ಉಳಿದಿವೆ. ಹಕ್ಕಿಗೆಂದು ಲೆಕ್ಕ ಹಾಕಿ ಮಾಡಿದ ಚರೆ ಈಗ ಆನೆಯ ಚರ್ಮದಡಿ ಸಿಗುತ್ತಿರುವುದರಿಂದ, ಚರೆಯ ನಂಬರಿನ ವಿಚಾರ ಸಕಲೇಶಪುರ ಮತ್ತು ಆಲೂರಿನವರಿಗೆ ಬರೀ ಹಳೆಯ ನೆನಪಾಗಿ ಉಳಿದಿಲ್ಲ.

ಮೊದಲು ಲೆಕ್ಕ. ಹನ್ನೆರಡು ಬೋರಿನ ಕೋವಿ ಎಂದರೆ, ಒಂದು ಪೌಂಡ್ ಸೀಸದಿಂದ ಸಮನಾದ 12 ಗುಂಡು ಎರಕ ಹೊಯ್ದರೆ ಅದರಲ್ಲೊಂದು ಸರಿಯಾಗಿ ಹೋಗುವಷ್ಟು ಅಗಲದ ನಳಿಗೆ, ಅಂದರೆ ಸುಮಾರು 18.5 ಮಿ.ಮೀ. ಚರೆಯ ನಂಬರು ತಲೆಕೆಳಗಾಗಿ ನಡೆಯುತ್ತದೆ. ಅಂಕಿ ಏರಿದಂತೆ ಕಾಳು ಸಣ್ಣದಾಗುತ್ತದೆ. ಬ್ರಿಟಿಷ್ ಕ್ರಮದಲ್ಲಿ 8ನೇ ನಂಬರು 2.2 ಮಿ.ಮೀ., ಔನ್ಸಿಗೆ 450 ಕಾಳು. 6ನೇ ನಂಬರು 2.6 ಮಿ.ಮೀ., ಔನ್ಸಿಗೆ 270. 4ನೇ ನಂಬರು 3.1 ಮಿ.ಮೀ., ಔನ್ಸಿಗೆ 170. ಬಿಬಿ 4.1 ಮಿ.ಮೀ. ದಪ್ಪವಿದ್ದು ಔನ್ಸಿಗೆ 70ಕ್ಕೆ ಇಳಿಯುತ್ತದೆ. ಎಸ್‌ಜಿ ಔನ್ಸಿಗೆ 8, ಎಲ್‌ಜಿ ಬರೀ 6. ಮಾಮೂಲಿ ತೋಟಾದ 30 ಗ್ರಾಂ ಸೀಸದಲ್ಲಿ 6ನೇ ನಂಬರಾದರೆ 285ರಷ್ಟು ಕಾಳು ಹಿಡಿಸುತ್ತವೆ, ಎಲ್‌ಜಿಯಾದರೆ ಆರೇ ಆರು. ಮೊದಲನೆಯದರ ಒಂದು ಕಾಳು ಒಂದು ಗ್ರಾಮಿನ ಹತ್ತನೇ ಒಂದು ಭಾಗ, ಎರಡನೆಯದು ನಾಲ್ಕೂಮುಕ್ಕಾಲು ಗ್ರಾಂ. ಒಂದೇ ಕೋವಿ, ಒಂದೇ ಬಿಲ್ಲು (ಟ್ರಿಗರ್), ಹೊರಬರುವುದು ಮಾತ್ರ ಎರಡು ಬೇರೆ ಬೇರೆ ಆಯುಧ.

ತೋಟಾ ಬರುವುದಕ್ಕೆ ಮುಂಚೆ ಇಷ್ಟು ನಂಬರಿನ ಗೊಡವೆ ಇರಲಿಲ್ಲ. ಮಲೆನಾಡಿನ ಒಕ್ಕಲಿನ ಮನೆಯಲ್ಲಿದ್ದದ್ದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮಸಿ (ಮದ್ದು) ಸುರಿದು, ಕತ್ತದ ನಾರು ತುರುಕಿ, ಗಜದ ಕಡ್ಡಿ ಹಾಕಿ ಜಡಿದು, ಚರೆ ಬಿಟ್ಟು, ಮತ್ತೆ ಕತ್ತ ಜಡಿಯಬೇಕು. ಈಡು ಎಷ್ಟಾಯಿತೆಂದು ತಿಳಿಯಲು, ಗಜ ನಳಿಗೆಯ ಬಾಯಿಂದ ಎಷ್ಟು ಬೆರಳು ಮೇಲೆ ನಿಂತಿತೆಂದು ನೋಡುತ್ತಿದ್ದರು. ಹಕ್ಕಿಗೆ ಒಂದು ಲೆಕ್ಕ, ಹಂದಿಗೆ ಒಂದು ಲೆಕ್ಕ. ಚರೆಯನ್ನು ಸೀಸದ ತಂತಿ ಕತ್ತರಿಸಿಯೂ ಮಾಡಿಕೊಂಡದ್ದುಂಟು. ಹಾಗೆ ಕತ್ತರಿಸಿದ ತುಂಡು ದುಂಡಗಿರುವುದಿಲ್ಲ, ಗಾಳಿಯಲ್ಲಿ ದಾರಿ ತಪ್ಪುತ್ತದೆ. ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ವಿಲಿಯಂ ವಾಟ್ಸ್ ಕರಗಿದ ಸೀಸವನ್ನು ಜರಡಿಯ ಮೂಲಕ ಎತ್ತರದಿಂದ ನೀರಿಗೆ ಬೀಳಿಸಿ ದುಂಡು ಚರೆ ಮಾಡುವ ವಿಧಾನಕ್ಕೆ 1782ರಲ್ಲೇ ಪೇಟೆಂಟ್ ಪಡೆದಿದ್ದ. ಬೀಳುವಾಗ ಹನಿ ತಾನಾಗಿಯೇ ದುಂಡಗಾಗುತ್ತದೆ. ಅಂಗಡಿಯ ಚರೆ ಗುರಿಗೆ ಒಗ್ಗುವುದು ಈ ಕಾರಣಕ್ಕೆ.

ತೋಟಾ ಕೋವಿ ಇಲ್ಲಿಗೆ ಬಂದದ್ದು ಕಾಫಿಯ ಬೆನ್ನಿಗೆ. ಸಕಲೇಶಪುರದ ಸುತ್ತಿನ ಸೀಮೆಗೆ ಆಗಿನ ಹೆಸರು ಮಂಜರಾಬಾದ್. 1850ರ ದಶಕದಲ್ಲಿ ಇಲ್ಲಿ ತೋಟ ಮಾಡಿದ ರಾಬರ್ಟ್ ಎಚ್. ಎಲಿಯಟ್ 1894ರಲ್ಲಿ ಮೈಸೂರಿನ ಬದುಕಿನ ಬಗ್ಗೆ ಒಂದು ಪುಸ್ತಕ ತಂದ. ಚಿನ್ನ, ಬೇಟೆ, ಕಾಫಿ ಮೂರೂ ಅದರ ಹೆಸರಿನಲ್ಲೇ ಒಟ್ಟಿಗಿವೆ. ಆ ಕಾಲದ ಪ್ಲಾಂಟರಿಗೆ ಬೇಟೆ ತೋಟದ ಕೆಲಸಕ್ಕೆ ಹೊರತಾದದ್ದಾಗಿರಲಿಲ್ಲ. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆ ಪ್ರಾಣಿ ಮತ್ತು ಮೀನುಗಳ ರಕ್ಷಣೆಗೆ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಕಾಡು ಬರಿದಾಗುತ್ತಿದೆಯೆಂಬ ಅರಿವು ಅಷ್ಟು ಹಿಂದೆಯೇ ಮೂಡಿತ್ತು.

ಇಲ್ಲಿ ಕೋವಿಗೆ ಸಿಗುತ್ತಿದ್ದ ಹಕ್ಕಿಗಳಲ್ಲಿ ಮೊದಲನೆಯದು ಕಾಡುಕೋಳಿ. ದಕ್ಷಿಣ ಮತ್ತು ಮಧ್ಯ ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲದ ಬೂದು ಜಾತಿ ಇದು. ಹುಂಜ ಒಂದು ಕೆ.ಜಿ. ಹತ್ತಿರ ತೂಗುತ್ತದೆ. ಅದರ ಕತ್ತಿನ ಗರಿಯ ಮೇಲೆ ಮೇಣದ ಹನಿ ಬಿದ್ದಂಥ ಹಳದಿ ಚುಕ್ಕೆಗಳಿರುತ್ತವೆ. ಸಾಲ್ಮನ್ ಮೀನಿಗೆ ಒಡ್ಡುವ ಕೃತಕ ನೊಣ ಕಟ್ಟಲು ಈ ಗರಿಯೇ ಬೇಕೆಂದು ವಿಲಾಯಿತಿಯ ಗಾಳಗಾರರು ಕೇಳುತ್ತಿದ್ದರು. ಹಾಗಾಗಿ ಕಾಡುಕೋಳಿಗೆ ಮಾಂಸದ ಬೆಲೆಗಿಂತ ದೊಡ್ಡದೊಂದು ಬೆಲೆ ಕಟ್ಟಲಾಯಿತು. ಕಾಡುಕೋಳಿ ಬಯಲಿನ ಹಕ್ಕಿಯಲ್ಲ. ಬಿದಿರುಮೆಳೆ, ಲಂಟಾನ, ಕಾಫಿಗಿಡದ ಬುಡ ಇವೇ ಅದರ ದಾರಿ. ಹಳು ನುಗ್ಗುವವರು ಬೊಬ್ಬೆ ಹಾಕಿದರೂ ಆದಷ್ಟು ದೂರ ಓಡಿಯೇ ಹೋಗುತ್ತದೆ. ಇನ್ನು ದಾರಿಯಿಲ್ಲ ಎನಿಸಿದಾಗ ಒಮ್ಮೆಲೇ ಭರ್ರನೆ ಎದ್ದು ಮರಗಳ ನಡುವಿನ ಸಂದಿಯಲ್ಲಿ ಮರೆಯಾಗುತ್ತದೆ. ಕೋವಿ ಹಿಡಿದು ಕಾದು ನಿಂತವನಿಗೆ ಸಿಗುವುದು ಎರಡು ಕ್ಷಣ, ದೂರ ಇಪ್ಪತ್ತರಿಂದ ಮೂವತ್ತು ಮೀಟರ್.

ಇಷ್ಟು ದೂರಕ್ಕೆ ಹೊಂದುತ್ತಿದ್ದದ್ದು ಆರನೇ ನಂಬರು. ಹಕ್ಕಿಯನ್ನು ಒಂದೇ ಏಟಿಗೆ ಕೆಡವಲು ನಾಲ್ಕೈದು ಕಾಳಾದರೂ ಮೈಗೆ ತಗುಲಬೇಕು, ತಗುಲಿದ ಒಂದೊಂದಕ್ಕೂ ಗರಿ ದಾಟಿ ಒಳಹೋಗುವ ಬಲ ಇರಬೇಕು. ಸಣ್ಣ ಚರೆಯಲ್ಲಿ ಕಾಳು ಹೆಚ್ಚು, ಬಲ ಕಡಿಮೆ. ದೊಡ್ಡದರಲ್ಲಿ ಬಲವಿದೆ, ಸಂದಿಯೂ ಇದೆ, ಆ ಸಂದಿಯಲ್ಲೇ ಹಕ್ಕಿ ದಾಟಿಹೋಗುತ್ತದೆ. ಮಳೆಗಾಲ ಮುಗಿದ ಮೇಲೆ ಗದ್ದೆಯ ಕೆಸರಿಗೆ ವಲಸೆ ಬರುವ ಸ್ನೈಪ್ ನೂರು ಗ್ರಾಮಿನ ಆಸುಪಾಸಿನ ಹಕ್ಕಿ, ಹಾರುವುದು ಅಂಕುಡೊಂಕಾಗಿ. ಅದಕ್ಕೆ 8ನೇ ನಂಬರು. ಭಾರತದಲ್ಲಿದ್ದ ಬ್ರಿಟಿಷ್ ಸಿಪಾಯಿಗಳು ಇದರ ಬೆನ್ನು ಹತ್ತುತ್ತಿದ್ದುದರಿಂದಲೇ ‘ಸ್ನೈಪರ್’ ಎಂಬ ಮಾತು ಹುಟ್ಟಿತು. ಗೌಜಲಕ್ಕಿ, ಚಿಟ್ಟುಕೋಳಿಗಳಿಗೆ 6 ಇಲ್ಲವೇ 7. ಗೋಣಿ, ಬಸರಿ ಮರಗಳ ನೆತ್ತಿಯಲ್ಲಿ ಹಣ್ಣು ತಿನ್ನಲು ಸೇರುವ ದೊಡ್ಡ ಪಾರಿವಾಳಗಳಿಗೆ ಎತ್ತರದ ದೆಸೆಯಿಂದ 5 ಅಥವಾ 4.

ಇನ್ನೊಂದು ಅಂಶವನ್ನು ಹಲವರು ಮರೆಯುತ್ತಿದ್ದರು. ನಂಬರು ಸರಿಯಿದ್ದರೂ ನಳಿಗೆಯ ಬಾಯಿ ಎಷ್ಟು ಬಿಗಿಯೆಂಬುದು ಚರೆಯ ಹರಹನ್ನು ಬದಲಿಸುತ್ತದೆ. ಬಾಯಿಯ ಹತ್ತಿರ ನಳಿಗೆಯನ್ನು ತುಸು ಕಿರಿದು ಮಾಡುವುದಕ್ಕೆ ಚೋಕ್ ಎನ್ನುತ್ತಾರೆ. ಬರ್ಮಿಂಗ್‌ಹ್ಯಾಮಿನ ಡಬ್ಲ್ಯು. ಡಬ್ಲ್ಯು. ಗ್ರೀನರ್ 1870ರ ದಶಕದಲ್ಲಿ ಇದನ್ನು ಹದಕ್ಕೆ ತಂದು ಪ್ರಸಿದ್ಧನಾದ. ಅಳತೆಗೆಂದು 40 ಯಾರ್ಡ್ ದೂರದಲ್ಲಿ, ಅಂದರೆ ಸುಮಾರು 37 ಮೀಟರಿನಲ್ಲಿ, 76 ಸೆಂ.ಮೀ. ಅಗಲದ ವೃತ್ತ ಬರೆದು ಹೊಡೆಯುತ್ತಾರೆ. ಚೋಕ್ ಇಲ್ಲದ ನಳಿಗೆಯಾದರೆ ನೂರಕ್ಕೆ 40 ಕಾಳು ಆ ವೃತ್ತದೊಳಗೆ ಬೀಳುತ್ತವೆ, ಅರ್ಧ ಚೋಕಿಗೆ 60, ಪೂರ್ತಿ ಚೋಕಿಗೆ 70. ಅರ್ಧ ಚೋಕಿನಲ್ಲಿ 6ನೇ ನಂಬರಿನ 285 ಕಾಳುಗಳ ಪೈಕಿ 170 ವೃತ್ತದಲ್ಲಿ ಸಿಗುತ್ತವೆ, 4ನೇ ನಂಬರಾದರೆ ನೂರೆಂಟು. ಕಾಡುಕೋಳಿಯ ಗಾತ್ರದ ಹಕ್ಕಿ ನೂರೆಂಟರ ನಡುವೆ ತಪ್ಪಿಸಿಕೊಳ್ಳುವ ಸಾಧ್ಯತೆಗಿಂತ ಒಂದೆರಡು ಕಾಳು ತಿಂದು ಹಳುವಿಗೆ ನುಗ್ಗುವ ಸಾಧ್ಯತೆ ಹೆಚ್ಚು. ಹಾಗೆ ನುಗ್ಗಿದ ಹಕ್ಕಿ ಯಾರ ಲೆಕ್ಕಕ್ಕೂ ಸಿಗದೆ ಎಲ್ಲೋ ಸಾಯುತ್ತದೆ. ಜೋಡು ನಳಿಗೆಯ ಕೋವಿಯಲ್ಲಿ ಬಲಕ್ಕೆ ಸಡಿಲ, ಎಡಕ್ಕೆ ಬಿಗಿ ಇಡುತ್ತಿದ್ದುದು ಹತ್ತಿರದ ಈಡಿಗೊಂದು, ದೂರದ ಈಡಿಗೊಂದು ಎಂದು. ತನ್ನ ಕೋವಿ ಯಾವ ನಂಬರನ್ನು ಹೇಗೆ ಹರಡುತ್ತದೆಂದು ದೊಡ್ಡ ಕಾಗದಕ್ಕೆ ಹೊಡೆದು ಎಣಿಸಿ ನೋಡದವನು ಕತ್ತಲಲ್ಲಿ ಕಲ್ಲು ಬೀಸಿದಂತೆಯೇ.

ಮಲೆನಾಡಿನಲ್ಲಿ ಇದೆಲ್ಲದರ ಜೊತೆಗೆ ಮಳೆಯೂ ಆಟಕ್ಕೆ ಸೇರುತ್ತಿತ್ತು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡದ ಊರಿನಲ್ಲಿ ಕಾಗದದ ತೋಟಾ ತೇವ ಕುಡಿದು ಊದಿಕೊಳ್ಳುತ್ತದೆ. ಕೋವಿಯೊಳಗೆ ಹೋಗುವುದಿಲ್ಲ, ಹೋದರೆ ಹೊರಬರುವುದಿಲ್ಲ. ಹಿತ್ತಾಳೆಯ ತೋಟಾವನ್ನು ಮತ್ತೆ ಮತ್ತೆ ತುಂಬಿಕೊಳ್ಳುವ ರೂಢಿಗೆ ಇದೂ ಒಂದು ಕಾರಣ. ಪ್ಲಾಸ್ಟಿಕ್ ಕೊಳವೆ 1960ರಲ್ಲಿ ಅಮೆರಿಕದಲ್ಲಿ ಬಂತು. ಅದು ಮಲೆನಾಡಿಗೆ ತಲುಪಿದ ಮೇಲೆ ಈ ಕಷ್ಟ ತಪ್ಪಿತು. ಸ್ವಾತಂತ್ರ್ಯಾನಂತರ ಆಮದು ಕಡಿಮೆಯಾಗಿ, ಪುಣೆ ಹತ್ತಿರದ ಖಡ್ಕಿಯ ಸರ್ಕಾರಿ ಕಾರ್ಖಾನೆಯ ತೋಟಾಗಳೇ ಎಲ್ಲೆಡೆಗೂ ಬಂದವು. 1869ರಲ್ಲಿ ಶುರುವಾದ ಆ ಕಾರ್ಖಾನೆ 2021ರ ಅಕ್ಟೋಬರ್‌ನಿಂದ ಮ್ಯುನಿಶನ್ಸ್ ಇಂಡಿಯಾ ಲಿಮಿಟೆಡ್‌ನ ಅಧೀನದಲ್ಲಿದೆ.

ಆಯ್ಕೆ ತಪ್ಪಿದರೆ ಹಕ್ಕಿಗಷ್ಟೇ ಅಲ್ಲ, ಹೊಡೆಯುವವನಿಗೂ ಅಪಾಯ. ಹಳೆಯ ಇಂಗ್ಲಿಷ್ ಕೋವಿಗಳ ಕೋಣೆ 65 ಮಿ.ಮೀ. ತೋಟಾಕ್ಕೆ ಮಾಡಿದ್ದು. 70 ಮಿ.ಮೀ.ನದು ಅದರೊಳಗೆ ಸಲೀಸಾಗಿ ಕೂರುತ್ತದೆ, ಏಕೆಂದರೆ ಆ ಅಳತೆ ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡ ಉದ್ದದ್ದು. ಹೊಡೆದಾಗ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಕರಿಮಸಿಯ ಕಾಲದ ಡಮಾಸ್ಕಸ್ ನಳಿಗೆಗೆ ಈಗಿನ ಹೊಗೆಯಿಲ್ಲದ ಮದ್ದು ಹಾಕಿದರೂ ಅದೇ ಕಥೆ. ಎಲ್ಲಕ್ಕಿಂತ ಕೆಟ್ಟದ್ದು, ಗಡಿಬಿಡಿಯಲ್ಲಿ 12 ಬೋರಿಗೆ 20 ಬೋರಿನ ತೋಟಾ ಹಾಕುವುದು. ಅದು ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಕೋವಿ ಖಾಲಿಯೆಂದುಕೊಂಡು ಹಿಂದೆ ಸರಿಯಾದ ತೋಟಾ ತುಂಬಿ ಹೊಡೆದರೆ ನಳಿಗೆ ಸಿಡಿದು ಎಡಗೈ ಹೋಗುತ್ತದೆ. ಇಪ್ಪತ್ತು ಬೋರಿನ ತೋಟಾಗೆ ಹಳದಿ ಬಣ್ಣ ಕೊಡುವ ಪದ್ಧತಿ ಬೆಳೆದದ್ದು ಇದಕ್ಕೇ. ಅಮೆರಿಕದ ನಂಬರು ಬ್ರಿಟಿಷ್ ನಂಬರಿಗೆ ಸಮನಲ್ಲ ಎಂಬ ತೊಡಕೂ ಇದೆ. ಅಲ್ಲಿಯ 6ನೇ ನಂಬರು ಬ್ರಿಟಿಷ್ 5ಕ್ಕೆ ಹತ್ತಿರ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿ ಬೇಟೆಯನ್ನು ಒಂದೇ ದಿನಕ್ಕೆ ನಿಲ್ಲಿಸಲಿಲ್ಲ. ಸಣ್ಣ ಬೇಟೆಗೆ ಪರವಾನಗಿ ಕೊಡುವ ಅವಕಾಶ ಅದರಲ್ಲೇ ಇತ್ತು. 1991ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದು ಸಾಮಾನ್ಯ ಅಪರಾಧದ ದಂಡವನ್ನು 25,000 ರೂಪಾಯಿಯಿಂದ ಒಂದು ಲಕ್ಷಕ್ಕೆ ಏರಿಸಿತು. ಮೊದಲ ಅನುಸೂಚಿಯ ಜೀವಿಯಾದರೆ ಕನಿಷ್ಠ ಮೂರು ವರ್ಷ ಜೈಲು. ಕೋವಿಯ ಲೈಸೆನ್ಸ್ ಮಾತ್ರ ಬೇರೆ ಕಾನೂನಿನದು. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಗೆಂದು ಬಾಯಿಂದ ತುಂಬುವ ಕೋವಿಯನ್ನೂ, ರಕ್ಷಣೆ ಮತ್ತು ಕ್ರೀಡೆಗೆಂದು ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ಕೋವಿಯನ್ನೂ ಹೆಸರಿಸುತ್ತದೆ. ಗಡಿಯಾಚೆಯ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ ಸಕಲೇಶಪುರದವರಿಗಿಲ್ಲ. ಚುನಾವಣೆ ಬಂದಾಗ ಕೋವಿ ಠಾಣೆಗೆ ಹೋಗುತ್ತದೆ, ಅದೇ ಹೊತ್ತಿಗೆ ಬೆಳೆಗೆ ಮಂಗ, ಹಂದಿ ಬಂದಿರುತ್ತವೆ. ಬೆಳೆಗಾರರ ಈ ದೂರು ಸುಳ್ಳಲ್ಲ.

ಬೇಟೆ ನಿಂತ ಮೇಲೆ ಕೋವಿ ಹಿಡಿದು ಹೋಗುವ ಕಾರಣ ಬದಲಾಯಿತು. ಹೇಮಾವತಿ ಹಿನ್ನೀರು, ಕಾಫಿ ತೋಟ, ಚದುರಿದ ಕಾಡಿನ ತುಂಡುಗಳ ನಡುವೆ ಆಲೂರು ಮತ್ತು ಸಕಲೇಶಪುರದ ಆನೆಗಳು ವರ್ಷವಿಡೀ ಜನರ ಜೊತೆಯೇ ಇವೆ. ಹೈಕೋರ್ಟ್ ನೇಮಿಸಿದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ಈ ಭಾಗದ ಆನೆಗಳನ್ನು ಹಿಡಿದು ಸಾಗಿಸುವ ಸಲಹೆ ಕೊಟ್ಟಿತು, ಬಳಿಕದ ಕಾರ್ಯಾಚರಣೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳು ಸೆರೆಯಾದವು. ತೆರವಾದ ಜಾಗಕ್ಕೆ ಮತ್ತೆ ಬೇರೆ ಆನೆಗಳು ಬಂದವು. ಭತ್ತದ ಗದ್ದೆಗೆ ರಾತ್ರಿ ಹಿಂಡು ಇಳಿದಾಗ ಮನೆಯಲ್ಲಿರುವ ಕೋವಿಗೆ ಕೈ ಹೋಗುತ್ತದೆ. ಆಗ ಹೇಳುವ ಮಾತು ಒಂದೇ: ಸಣ್ಣ ಚರೆ, ಬರೀ ಹೆದರಿಸಲಿಕ್ಕೆ, ಅಷ್ಟು ದಪ್ಪ ಚರ್ಮಕ್ಕೆ ಏನಾಗುತ್ತದೆ?

ಈ ಸೀಮೆಯಲ್ಲಿ ಚರೆಯ ಬಗ್ಗೆ ಇರುವ ನಂಬಿಕೆಗಳಲ್ಲಿ ಇಷ್ಟು ಹಾನಿ ಮಾಡಿದ್ದು ಇನ್ನೊಂದಿಲ್ಲ. ಆನೆಯ ಚರ್ಮ ಬೆನ್ನಿನ ಮೇಲೆ ಒಂದಂಗುಲ ದಪ್ಪ ನಿಜ. ಕಿವಿಯ ಹಿಂದೆ, ಸೊಂಡಿಲ ತುದಿಯಲ್ಲಿ, ಕಣ್ಣಿನ ಸುತ್ತ ಹಾಗಿಲ್ಲ. ಮೂರು ನೂರರ ಹತ್ತಿರ ಕಾಳು ಒಟ್ಟಿಗೆ ಹೋದಾಗ ಒಂದಾದರೂ ಕಣ್ಣಿಗೆ ಬೀಳುವುದಿಲ್ಲ ಎನ್ನಲು ಯಾರಿಂದಲೂ ಆಗದು. ಆರನೇ ನಂಬರು ಕೆಲಸ ಮಾಡಲಿಲ್ಲವೆಂದು ಬಿಬಿಗೆ, ಬಿಬಿಯಿಂದ ಎಲ್‌ಜಿಗೆ ಹೋದರೆ ಕಾಳು ಚರ್ಮ ದಾಟಿ ಸ್ನಾಯುವಿನಲ್ಲಿ ಕೂರುತ್ತದೆ. ಸಾಯಿಸುವುದಿಲ್ಲ, ಹೊರಬರುವುದೂ ಇಲ್ಲ, ಕೀವು ಕಟ್ಟುತ್ತದೆ. ಹಾಸನ ಮತ್ತು ಕೊಡಗಿನ ಆನೆಗಳ ಮೈಯಲ್ಲಿ ಚರೆ ಸಿಕ್ಕ ಸುದ್ದಿ ಮತ್ತೆ ಮತ್ತೆ ಬಂದಿದೆ. ನೋವಿನಲ್ಲಿರುವ ಆನೆ ಮರುದಿನ ಬೆಳಿಗ್ಗೆ ಕಾಫಿ ಕೊಯ್ಯಲು ಹೋಗುವ ಹೆಂಗಸರ ದಾರಿಯಲ್ಲೇ ನಿಂತಿರುತ್ತದೆ, ಕೋವಿ ಹೊಡೆದವನ ಅಂಗಳದಲ್ಲಲ್ಲ.

ಗಾಯಗೊಂಡ ಆನೆಯ ಹತ್ತಿರ ಹೋಗುವುದೆಂದರೆ ಏನೆಂದು ಆಲೂರು ಕಂಡಿದೆ. 2023ರ ಆಗಸ್ಟ್ 31ರಂದು ಹಳ್ಳಿಯೂರಿನ ಬಳಿ, ಗಾಯವಾಗಿದ್ದ ‘ಭೀಮ’ ಎಂಬ ಕಾಡಾನೆಗೆ ಚಿಕಿತ್ಸೆ ಕೊಡಲು ಅರಿವಳಿಕೆ ಹೊಡೆಯಹೋದ ‘ಆನೆ ವೆಂಕಟೇಶ್’ ಅದೇ ಆನೆಯಿಂದ ಸತ್ತರು. ಆ ಗಾಯ ಚರೆಯದೆಂದು ಇಲ್ಲಿ ಹೇಳುತ್ತಿಲ್ಲ. ಆನೆಗಳ ನಡುವೆ ಇಡೀ ಬದುಕು ಕಳೆದ ಮನುಷ್ಯನಿಗೂ ಆ ಕೆಲಸ ಎಷ್ಟು ಕಠಿಣವೆಂದಷ್ಟೇ ಮಾತು. ಅದೇ ವರ್ಷದ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ, ಎಂಟು ದಸರಾಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಸಾಕಾನೆ ಅರ್ಜುನ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಪ್ರಾಣ ಬಿಟ್ಟ. ಇಂಥ ಸೀಮೆಯಲ್ಲಿ ಇನ್ನೊಂದು ಆನೆಗೆ ಗಾಯ ಸೇರಿಸುವ ಒಂದೊಂದು ತೋಟಾಕ್ಕೂ ಬೆಲೆ ತೆರುವವರು ಬೇರೆಯವರೇ.

ದೂರದ ಲೆಕ್ಕವನ್ನೂ ಇಲ್ಲಿ ಹೇಳಬೇಕು. ಚರೆ ಗರಿಷ್ಠ ಎಷ್ಟು ದೂರ ಹೋಗುತ್ತದೆನ್ನಲು ಫ್ರೆಂಚ್ ಸೇನಾಧಿಕಾರಿ ಜೂರ್ನೆ ಹಾಕಿಕೊಟ್ಟ ಸುಲಭ ಸೂತ್ರವಿದೆ. ಕಾಳಿನ ವ್ಯಾಸವನ್ನು ಅಂಗುಲದಲ್ಲಿ ಹಿಡಿದು 2,200ರಿಂದ ಗುಣಿಸಿದರೆ ಯಾರ್ಡ್‌ಗಳಲ್ಲಿ ದೂರ ಸಿಗುತ್ತದೆ. ಆರನೇ ನಂಬರು ಇನ್ನೂರು ಮೀಟರ್ ಚಿಲ್ಲರೆಗೆ ನೆಲ ಹಿಡಿಯುತ್ತದೆ. ಎಲ್‌ಜಿ ಏಳು ನೂರು ಮೀಟರ್ ದಾಟುತ್ತದೆ. ಸಕಲೇಶಪುರದ ಇಳಿಜಾರುಗಳಲ್ಲಿ ಏಳು ನೂರು ಮೀಟರಿನೊಳಗೆ ಒಂದು ಲೈನ್ ಮನೆಯೋ, ರಸ್ತೆಯೋ, ಪಕ್ಕದ ತೋಟದ ಕಣವೋ ಇದ್ದೇ ಇರುತ್ತದೆ.

ನೆಲಕ್ಕೆ ಬಿದ್ದ ಸೀಸವೂ ಸುಮ್ಮನಿರುವುದಿಲ್ಲ. ಬಾತುಗಳು ಕಾಳು ಅರೆಯಲು ಸಣ್ಣ ಕಲ್ಲು ನುಂಗುತ್ತವೆ, ಕೆಸರಿನಲ್ಲಿ ಚರೆ ಸಿಕ್ಕರೆ ಅದನ್ನೂ ನುಂಗುತ್ತವೆ. ಒಂದೇ ಕಾಳು ಒಂದು ಬಾತನ್ನು ಕೊಲ್ಲಬಲ್ಲದು. ಅಮೆರಿಕ 1991ರಲ್ಲಿ ನೀರುಹಕ್ಕಿ ಬೇಟೆಗೆ ಸೀಸದ ಚರೆಯನ್ನು ದೇಶವಿಡೀ ನಿಷೇಧಿಸಿತು. ಡೆನ್ಮಾರ್ಕ್ 1996ರಲ್ಲಿ ಎಲ್ಲ ಬೇಟೆಗೂ ನಿಲ್ಲಿಸಿತು. ಐರೋಪ್ಯ ಒಕ್ಕೂಟ 2023ರ ಫೆಬ್ರವರಿ 15ರಿಂದ ಜೌಗು ನೆಲದಲ್ಲೂ ಅದರ ಸುತ್ತ ನೂರು ಮೀಟರಿನಲ್ಲೂ ತಡೆಯಿತು. ಅಲ್ಲೀಗ ಉಕ್ಕಿನ ಚರೆ. ಉಕ್ಕು ಸೀಸಕ್ಕಿಂತ ಹಗುರವಾದ್ದರಿಂದ ಎರಡು ನಂಬರು ದೊಡ್ಡದನ್ನು ಆರಿಸಬೇಕು, ಹಳೆಯ ನಳಿಗೆಗಳಿಗೆ ಅದು ಆಗದು. 1979ರಲ್ಲಿ ಗೊರೂರು ಅಣೆಕಟ್ಟೆ ಮುಗಿದ ಮೇಲೆ ಆಲೂರಿನ ಕಡೆಗೂ ಚಾಚಿದ ಹೇಮಾವತಿ ಹಿನ್ನೀರಿಗೆ ಚಳಿಗಾಲದಲ್ಲಿ ನೀರುಹಕ್ಕಿಗಳು ಇಳಿಯುತ್ತವೆ. ಆ ದಂಡೆಯ ಗದ್ದೆಗಳಲ್ಲಿ ಆನೆಗೆಂದು ಹಾರಿಸಿದ ಚರೆ ಆ ಕೆಸರಿಗೇ ಸೇರುತ್ತದೆ.

ಹಾಗಾದರೆ ಆರನೇ, ಏಳನೇ ನಂಬರಿಗೆ ಇನ್ನು ಜಾಗವೆಲ್ಲಿ? ಶೂಟಿಂಗ್ ರೇಂಜಿನಲ್ಲಿ ಇದೆ. ಮಣ್ಣಿನ ತಟ್ಟೆಗೆ ಗುರಿಯಿಡುವ ಟ್ರ್ಯಾಪ್, ಸ್ಕೀಟ್ ಕ್ರೀಡೆಗಳಲ್ಲಿ 24 ಗ್ರಾಂ ಸಣ್ಣ ಚರೆಯ ತೋಟಾವೇ ಬಳಕೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಡಬಲ್ ಟ್ರ್ಯಾಪ್ ಬೆಳ್ಳಿ ಗೆದ್ದದ್ದು ಇದೇ ವಿದ್ಯೆಯಲ್ಲಿ. ನೆರೆಯ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿ ಕೋವಿ ಹಿಡಿದು ಅಲೆದ ದಿನಗಳನ್ನು ಬರೆದವರು, ಆಮೇಲೆ ಅದೇ ಕಾಡಿನಲ್ಲಿ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಕೂತವರು. ಮರೆಯಲ್ಲಿ ಕಾಯುವ ತಾಳ್ಮೆ, ಹಕ್ಕಿ ಎದ್ದೇಳುವ ದಿಕ್ಕಿನ ಅಂದಾಜು ಅವರಿಗೆ ಬೇಟೆಯಿಂದಲೇ ಬಂದಿರಬೇಕು. ಏರ್‌ಗನ್ ವಿಷಯದಲ್ಲಿ ಮಾತ್ರ ಮಲೆನಾಡು ಇನ್ನೂ ಎಚ್ಚೆತ್ತಿಲ್ಲ. 20 ಜೂಲ್‌ಗಿಂತ ಕಡಿಮೆ ಬಲದ ಏರ್‌ಗನ್‌ಗೆ ಲೈಸೆನ್ಸ್ ಬೇಡವೆಂದು ಮಕ್ಕಳ ಕೈಗೆ ಕೊಟ್ಟರೆ ಪಿಕಳಾರ, ಚೋರೆಹಕ್ಕಿಗಳು ಸಾಯುತ್ತವೆ, ಅಪರಾಧವೂ ಅಷ್ಟೇ ದೊಡ್ಡದು. ಅರುಣಾಚಲ ಪ್ರದೇಶದಲ್ಲಿ 2021ರಿಂದ ಹಳ್ಳಿಗರು ತಾವಾಗಿಯೇ ಏರ್‌ಗನ್ ಒಪ್ಪಿಸುವ ಅಭಿಯಾನ ನಡೆದಿದೆ. ಹಾಸನದಲ್ಲೂ ಅಂಥದ್ದೊಂದು ಆಗಬಾರದೆನ್ನಲು ಕಾರಣವಿಲ್ಲ.

ಡಬ್ಬಿಯಲ್ಲಿ ಉಳಿದ ಆ ಹಳೆಯ ತೋಟಾಗಳನ್ನು ಹೊಡೆದು ನೋಡುವ ಆಸೆ ಬೇಡ. ತೇವ ತಿಂದ ಕೇಪು ತಡವಾಗಿ ಹೊತ್ತಿಕೊಳ್ಳಬಹುದು, ಬಿಲ್ಲೆಳೆದು ಸದ್ದು ಬರಲಿಲ್ಲವೆಂದು ಕೋವಿ ಬಿಚ್ಚಿದಾಗಲೇ ಸಿಡಿಯಬಹುದು. ಬಿಚ್ಚಿ ಮಸಿ, ಚರೆ ಬೇರೆ ಮಾಡುವುದೂ ಬೇಡ, ಬೆಂಕಿಗೆ ಹಾಕುವುದಂತೂ ಕೂಡದು. ಲೈಸೆನ್ಸ್ ತಾತನ ಹೆಸರಿನಲ್ಲಿದ್ದು ತಾತ ತೀರಿಕೊಂಡಿದ್ದರೆ, ಆ ತೋಟಾಗಳನ್ನು ಇಟ್ಟುಕೊಳ್ಳುವ ಹಕ್ಕು ಮೊಮ್ಮಗನಿಗೆ ತಾನಾಗಿ ಬರುವುದಿಲ್ಲ. ಸಕಲೇಶಪುರ, ಆಲೂರಿನ ಠಾಣೆಗೆ ಮೊದಲು ತಿಳಿಸಿ, ಅವರು ಹೇಳಿದ ರೀತಿಯಲ್ಲಿ ಠಾಣೆಗೋ ಲೈಸೆನ್ಸ್ ಇರುವ ಕೋವಿ ಅಂಗಡಿಗೋ ಒಪ್ಪಿಸಿ ರಸೀದಿ ಪಡೆಯುವುದು ಸರಿಯಾದ ದಾರಿ.